ನನ್ನ ಕಂದನನ್ನು ದೇವರು ಆರಿಸಲಿಲ್ಲವೇ?

ದೀಕ್ಷಾಸ್ನಾನಕ್ಕೆ ಮುನ್ನವೇ ಹಸುಗೂಸನ್ನು ಕಳೆದುಕೊಂಡ ಕುಂದಾಣದ ತಾಯಿಯೊಬ್ಬರು ಕೇಳಿದರು: “ಸ್ವಾಮಿಗಳೇ, ನನ್ನ ಕಂದನನ್ನು ದೇವರು ಆರಿಸಿಕೊಳ್ಳಲಿಲ್ಲವೇ?”

ತರ್ಕಶಾಸ್ತ್ರ ಓದಿದ ನನಗೂ ಆ ಕ್ಷಣ ಮಾತು ಹೊರಡಲಿಲ್ಲ. ಆಯ್ದವರ ಹೊರತು ಉಳಿದವರೆಲ್ಲ ಕೇಡಿಗೇ ನೇಮಿತರೆಂಬ ವಾದವನ್ನು ಟ್ರೆಂಟ್ ಮಹಾಸಭೆ 1547ರಲ್ಲೇ ಖಂಡಿಸಿತು. ಎಲ್ಲರ ರಕ್ಷಣೆಯೇ ದೈವೇಚ್ಛೆಯೆಂದು ಸಂತ ಪೌಲರು ತಿಮೊಥೇಯನಿಗೆ ಬರೆದರು. ನಮ್ಮ ಅಜ್ಜಿಯರು ಅಂಜುತ್ತಿದ್ದ ‘ಲಿಂಬೋ’ ದೇವಶಾಸ್ತ್ರಜ್ಞರ ಊಹೆಯೇ ಹೊರತು ವಿಶ್ವಾಸಸತ್ಯವಲ್ಲ. ಇಂಥ ಶಿಶುಗಳ ರಕ್ಷಣೆಯನ್ನು ನಿರೀಕ್ಷಿಸಲು ಗಂಭೀರ ಆಧಾರಗಳಿವೆಯೆಂದು 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಹೇಳಿತು, ನಿಶ್ಚಿತ ಜ್ಞಾನವೆನ್ನಲಿಲ್ಲ. ಆದುದರಿಂದ ಔತಣದ ಅನುಕೂಲಕ್ಕೆಂದು ದೀಕ್ಷಾಸ್ನಾನವನ್ನು ಮುಂದೂಡುವುದು ಸಲ್ಲದು.

ದೀಕ್ಷೆ ಕೊಡಿಸುವ ಮನಸ್ಸು ಹೆತ್ತವರಿಗಿದ್ದಲ್ಲಿ, ಮಡಿದ ಶಿಶುವಿಗೆ ಧರ್ಮಾಧ್ಯಕ್ಷರು ಕ್ರೈಸ್ತ ಶವಸಂಸ್ಕಾರವನ್ನು ಅನುಮತಿಸಬಹುದೆಂದು 1983ರ ಧರ್ಮಸಭಾ ಶಾಸನವೇ ಹೇಳುತ್ತದೆ. ಸಂಕೋಚದಿಂದ ಸದ್ದಿಲ್ಲದೆ ಹೂಳದಿರಿ. ಮೊದಲು ನಿಮ್ಮ ಗುರುಗಳನ್ನು ಕೇಳಿ.