ಕಕುದ್ಮಿಯ ಕಥೆಯೂ ಬೆಳಕಿನ ವೇಗವೂ

ನಕ್ಷತ್ರಯಾನದ ಮಾತು ಬಂದಲ್ಲೆಲ್ಲ ಈಚೆಗೆ ಕಕುದ್ಮಿ ರಾಜನ ಹೆಸರು ಕೇಳಿಬರುತ್ತಿದೆ. ಮಗಳಾದ ರೇವತಿಗೆ ತಕ್ಕ ವರನಾರೆಂದು ಕೇಳಲು ಆತನು ಅವಳೊಡನೆ ಬ್ರಹ್ಮಲೋಕಕ್ಕೆ ಹೋದನು; ಅಲ್ಲಿ ಗಂಧರ್ವಗಾನ ನಡೆಯುತ್ತಿದ್ದುದರಿಂದ ಸ್ವಲ್ಪ ಹೊತ್ತು ಕಾದನು; ಅಷ್ಟರಲ್ಲಿ ಭೂಲೋಕದಲ್ಲಿ 27 ಚತುರ್ಯುಗಗಳು ಕಳೆದುಹೋಗಿದ್ದುವು. ಭಾಗವತದ ನವಮಸ್ಕಂಧದ ಈ ಕಥೆಯನ್ನು ಹಿಡಿದು, 1905ರಲ್ಲಿ ಐನ್‌ಸ್ಟೈನನು ನಿರೂಪಿಸಿದ ಕಾಲವಿಳಂಬವು ಪುರಾಣಕಾರರಿಗೆ ಮೊದಲೇ ತಿಳಿದಿದ್ದಿತೆಂದು ಸಾರುವವರು ಹಲವರು. ಈ ವಾದವು ಪುರಾಣಕ್ಕೆ ಗೌರವವನ್ನು ತರುವುದೂ ಇಲ್ಲ, ವಿಜ್ಞಾನಕ್ಕೆ ನ್ಯಾಯವನ್ನು ಸಲ್ಲಿಸುವುದೂ ಇಲ್ಲ.

ವಿಜ್ಞಾನವು ಹೇಳುವುದೇನೆಂಬುದನ್ನು ಮೊದಲು ನೋಡತಕ್ಕದ್ದು. ಚಲಿಸುವ ಗಡಿಯಾರವು ನಿಂತ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ. ಎಷ್ಟು ನಿಧಾನವೆಂಬುದು ಅದರ ವೇಗಕ್ಕೂ ಬೆಳಕಿನ ವೇಗಕ್ಕೂ ಇರುವ ಪ್ರಮಾಣದಿಂದ ನಿಶ್ಚಿತವಾಗುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಸಾಗುತ್ತದೆ. ಸೂರ್ಯನನ್ನು ಬಿಟ್ಟರೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯಿಂದ ಬೆಳಕು ಇಲ್ಲಿಗೆ ಬರಲು 4.24 ವರ್ಷ ಬೇಕು. 1977ರಲ್ಲಿ ಹೊರಟ ವಾಯೇಜರ್ 1 ಎಂಬ ನೌಕೆಯ ವೇಗವು ಸೆಕೆಂಡಿಗೆ ಸುಮಾರು 17 ಕಿಲೋಮೀಟರು. ಅಷ್ಟು ದೂರವನ್ನು ಕ್ರಮಿಸಲು ಅದಕ್ಕೆ ಸುಮಾರು 75,000 ವರ್ಷ ಹಿಡಿಯುವುದು. ಅಷ್ಟೊಂದು ದೀರ್ಘಕಾಲದಲ್ಲಿ ವೇಗದ ದೆಸೆಯಿಂದ ಅದರ ಗಡಿಯಾರವು ಹಿಂದೆ ಬೀಳುವುದಾದರೂ ಎಷ್ಟು? ಸುಮಾರು 1 ಗಂಟೆ ಮಾತ್ರ! ಬೆಳಕಿನ ವೇಗದಲ್ಲಿ ನೂರಕ್ಕೆ 99 ಪಾಲು ಲಭಿಸಿದರೆ, ಭೂಮಿಯಲ್ಲಿ 4 ವರ್ಷ 3 ತಿಂಗಳು ಕಳೆಯುವಷ್ಟರಲ್ಲಿ ಯಾತ್ರಿಕನಿಗೆ 7 ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಕಳೆದಿರುವುದು. ಆದರೆ ನೌಕೆಯ ಒಂದೊಂದು ಕಿಲೋಗ್ರಾಮನ್ನು ಆ ವೇಗಕ್ಕೆ ತರಲು ಸುಮಾರು 6 ಕಿಲೋಗ್ರಾಂ ದ್ರವ್ಯವನ್ನು ಸಂಪೂರ್ಣವಾಗಿ ಶಕ್ತಿಯಾಗಿ ಮಾರ್ಪಡಿಸಬೇಕು. ಅಂಥ ಸಾಧನವು ಇಂದು ಯಾವ ದೇಶದಲ್ಲಿಯೂ ಇಲ್ಲ.

ಇದು ಬರಿಯ ಊಹೆಯೂ ಅಲ್ಲ. 1971ರಲ್ಲಿ ಹಾಫೆಲೆ, ಕೀಟಿಂಗ್ ಎಂಬ ವಿದ್ವಾಂಸರು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಪ್ರದಕ್ಷಿಣೆ ಮಾಡಿಸಿ, ನೆಲದ ಗಡಿಯಾರಗಳೊಡನೆ ಹೋಲಿಸಿ ನೋಡಿದರು. ಗಣಿತವು ಮೊದಲೇ ಹೇಳಿದುದನ್ನು ಗಡಿಯಾರವು ಒಪ್ಪಿತು. ವಿಜ್ಞಾನದ ಪ್ರಾಮಾಣ್ಯವಿರುವುದು ಇಲ್ಲಿಯೇ.

ಇನ್ನು ಕಥೆಗೆ ಬರೋಣ. ಕಕುದ್ಮಿಯು ಯಾವ ವೇಗದಿಂದ ಹೋದನೆಂಬುದನ್ನು ಪುರಾಣವು ಹೇಳುವುದೇ ಇಲ್ಲ. ಕಾಲವು ಕಳೆದುದು ಆತನು ಓಡುತ್ತಿದ್ದಾಗಲ್ಲ, ಕಾದು ನಿಂತು ಗಾನವನ್ನು ಕೇಳುತ್ತಿದ್ದಾಗ. ಹಾಗಾದರೆ 27 ಎಂಬ ಸಂಖ್ಯೆ ಎಲ್ಲಿಂದ ಬಂದಿತು? ಬ್ರಹ್ಮನ ಒಂದು ಹಗಲಿಗೆ 1,000 ಚತುರ್ಯುಗಗಳೆಂಬುದು ಪುರಾಣಪ್ರಸಿದ್ಧ. ಆ ಹಗಲನ್ನು ಮನುಷ್ಯರ ಹಗಲಿನಂತೆ 30 ಘಳಿಗೆಯಾಗಿ ಭಾಗಿಸಿದರೆ, 27 ಚತುರ್ಯುಗಗಳು ಒಂದು ಘಳಿಗೆಗೂ ಕಡಮೆ, ಸುಮಾರು 19½ ನಿಮಿಷ. ಒಂದು ಗಾನ ಮುಗಿಯುವಷ್ಟು ಹೊತ್ತು! ಕಥೆಯು ತನ್ನದೇ ಆದ ಕಾಲಮಾನಕ್ಕೆ ಸರಿಯಾಗಿ ಹೊಂದುತ್ತದೆ. ಅಲ್ಲಿ ಕಾಲಭೇದಕ್ಕೆ ಕಾರಣವು ಲೋಕಭೇದ, ವೇಗವಲ್ಲ. ಮೆಲ್ಲಗೆ ಹೋದವನಿಗೂ ಬೇಗನೆ ಹೋದವನಿಗೂ ಬ್ರಹ್ಮಲೋಕದ ಘಳಿಗೆ ಒಂದೇ.

‘ಗುರುತ್ವದಿಂದಲೂ ಕಾಲವು ನಿಧಾನವಾಗುವುದಲ್ಲವೆ? ಬ್ರಹ್ಮಲೋಕದಲ್ಲಿ ಅದು ಪ್ರಬಲವಾಗಿದ್ದಿರಬಹುದು’ ಎಂದು ಕೆಲವರು ಆಕ್ಷೇಪಿಸುವರು. ಗುರುತ್ವದ ಮಾತು ನಿಜ. ಆದರೆ ಕಥೆಯಲ್ಲಿ ಅದರ ಸುಳಿವೇ ಇಲ್ಲ. ಫಲವು ತಿಳಿದ ಮೇಲೆ ಕಾರಣವನ್ನು ಕಥೆಯೊಳಗೆ ತುರುಕುವುದು ವ್ಯಾಖ್ಯಾನವಲ್ಲ, ಪ್ರಕ್ಷೇಪ. ಜಪಾನಿನಲ್ಲಿ ಉರಾಶಿಮನೆಂಬ ಬೆಸ್ತನು ಕಡಲಡಿಯ ಅರಮನೆಯಲ್ಲಿ ಕೆಲಕಾಲವಿದ್ದು ಮರಳುವಷ್ಟರಲ್ಲಿ ಊರಿನಲ್ಲಿ 300 ವರ್ಷ ಕಳೆದಿದ್ದುವೆಂಬ ಕಥೆಯುಂಟು. ಅಲ್ಲಿನವರು ಕಾಲವಿಳಂಬಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಹೆಸರಿಡುವುದು ಬೇರೆ, ಬೆಸ್ತರಿಗೆ ಸಾಪೇಕ್ಷತಾವಾದವು ಗೊತ್ತಿದ್ದಿತೆನ್ನುವುದು ಬೇರೆ. ಕಾಕತಾಲೀಯವನ್ನು ಕಾರ್ಯಕಾರಣವೆಂದು ತಿಳಿಯಬಾರದೆಂಬುದು ತರ್ಕದ ಮೊದಲ ಪಾಠವಲ್ಲವೆ?

ಕಥೆಯ ನಿಜವಾದ ತಾತ್ಪರ್ಯವೂ ಈ ಗದ್ದಲದಲ್ಲಿ ಮರೆಯಾಗುತ್ತದೆ. ರಾಜನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರೂ ಅವರ ಮಕ್ಕಳು ಮೊಮ್ಮಕ್ಕಳೂ ಅಳಿದು, ಗೋತ್ರಗಳ ಹೆಸರು ಸಹ ಕೇಳಿಬರುವುದಿಲ್ಲವೆಂದು ಬ್ರಹ್ಮನು ನಕ್ಕು ಹೇಳುತ್ತಾನೆ. ಮನುಷ್ಯನ ಎಣಿಕೆಯ ಅಲ್ಪತೆಯನ್ನು ಇದಕ್ಕಿಂತ ಮನಮುಟ್ಟುವಂತೆ ಹೇಳುವುದು ಕಷ್ಟ. ಇಂಥ ಕಥೆಗೆ ಪರದೇಶದ ಯಶಃಪತ್ರವನ್ನು ಅಂಟಿಸುವುದೇಕೆ?

ಇದರಿಂದ ಹಾನಿಯಾಗುವುದು ವಿದ್ಯಾರ್ಥಿಗಳಿಗೆ. ಎಲ್ಲವೂ ಮೊದಲೇ ತಿಳಿದಿದ್ದಿತೆಂದು ನಂಬಿದ ಹುಡುಗನು ಗಣಿತದ ಪುಸ್ತಕವನ್ನು ಮುಚ್ಚಿಡುತ್ತಾನೆ. ಪೂರ್ವಿಕರ ಹಿರಿಮೆಯನ್ನು ತೋರಿಸಬೇಕೆಂಬವರಿಗೆ ಆರ್ಯಭಟನಿಲ್ಲವೆ? ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಅಚಲವಸ್ತುಗಳು ಹಿಂದೆ ಸರಿಯುವಂತೆ ತೋರುವ ಹಾಗೆ, ಭೂಮಿಯ ಭ್ರಮಣದಿಂದ ನಕ್ಷತ್ರಗಳು ಪಶ್ಚಿಮಕ್ಕೆ ಚಲಿಸುವಂತೆ ತೋರುವುವೆಂದು ಆತನು ಕ್ರಿ.ಶ. 499ರ ಗ್ರಂಥದಲ್ಲಿ ಹೇಳಿದನು. 628ರಲ್ಲಿ ಬ್ರಹ್ಮಗುಪ್ತನು ಅದನ್ನು ಖಂಡಿಸಿದನು. ಬ್ರಹ್ಮಗುಪ್ತನು ಈ ವಿಷಯದಲ್ಲಿ ಸೋತರೂ, ಹಿರಿಯರ ಮಾತೆಂಬಷ್ಟರಿಂದಲೇ ತೃಪ್ತನಾಗದೆ ಯುಕ್ತಿಯನ್ನು ಕೇಳಿದನು. ಮಕ್ಕಳಿಗೆ ದಾಟಿಸಬೇಕಾದ ಸೊತ್ತು ಆ ಪರೀಕ್ಷಾಬುದ್ಧಿಯೇ. ಅದನ್ನು ಕೈಬಿಟ್ಟು ಕಕುದ್ಮಿಯ ರಥಕ್ಕೆ ಬೆಳಕಿನ ವೇಗವನ್ನು ಕಟ್ಟುವವರು ಪೂರ್ವಿಕರನ್ನು ಹೊಗಳುತ್ತಿಲ್ಲ. ಅವರ ಮಾರ್ಗವನ್ನೇ ಮರೆತಿದ್ದಾರೆ.