ಚಿಪ್ಸ್ ತಿಂದರೆ ಕ್ಯಾನ್ಸರ್ ಬರುತ್ತದೆಯೇ? ಸುರಂಗದಿಂದ ಬಾಣಲೆಗೆ ಬಂದ ಅನುಮಾನ

‘ಚಿಪ್ಸ್‌ನಲ್ಲಿ ಕ್ಯಾನ್ಸರ್ ತರುವ ಅಕ್ರಿಲಮೈಡ್ ಇದೆ, ತಕ್ಷಣ ಎಲ್ಲರಿಗೂ ಕಳಿಸಿ’ ಎಂಬ ಸಂದೇಶ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಅಕ್ರಿಲಮೈಡ್ ಇರುವುದು ನಿಜ. ಆದರೆ ಅದರ ಪತ್ತೆಗೆ ದಾರಿಯಾದದ್ದು ಒಂದು ರೈಲು ಸುರಂಗ.

1997ರಲ್ಲಿ ಸ್ವೀಡನ್ನಿನ ಹಲ್ಲಂಡ್ಸೋಸ್ ಬೆಟ್ಟದಲ್ಲಿ ಸುರಂಗ ಕೊರೆಯುವಾಗ, ನೀರಿನ ಸೋರಿಕೆ ತಡೆಯಲು ಬಂಡೆಯ ಬಿರುಕುಗಳಿಗೆ ಅಕ್ರಿಲಮೈಡ್ ಇದ್ದ ರಾಸಾಯನಿಕ ತುಂಬಿದರು. ಅದು ಹೊರಗೆ ಹರಿದು ಮೀನುಗಳು ಸತ್ತವು, ಹಸುಗಳಿಗೆ ಲಕ್ವ ಹೊಡೆಯಿತು. ಕೆಲಸಗಾರರ ಮೈಗೆ ಎಷ್ಟು ಸೇರಿದೆ ಎಂದು ತಿಳಿಯಲು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಮಾರ್ಗರೆಟಾ ಟೋರ್ನ್‌ಕ್ವಿಸ್ಟ್ ತಂಡ ಅವರ ರಕ್ತ ಪರೀಕ್ಷಿಸಿತು.

ಅಕ್ರಿಲಮೈಡ್ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುವುದಿಲ್ಲ. ಆದರೆ ಅದರ ಚೂರು ಪಾಲು ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಕಳೆದ ನಾಲ್ಕು ತಿಂಗಳ ಲೆಕ್ಕ ಅಲ್ಲಿರುತ್ತದೆ. ಆ ಲೆಕ್ಕ ಓದುವುದು ಮಾಸ್ ಸ್ಪೆಕ್ಟ್ರೋಮೀಟರ್. ಅಣುಗಳಿಗೆ ವಿದ್ಯುದಾವೇಶ ಕೊಟ್ಟು, ತೂಕದ ಪ್ರಕಾರ ಬೇರ್ಪಡಿಸಿ ಗುರುತಿಸುವ ಯಂತ್ರ. ಅತಿ ಸೂಕ್ಷ್ಮ ಪ್ರಮಾಣವೂ ಅದರ ಕಣ್ಣು ತಪ್ಪಿಸುವುದು ಕಷ್ಟ.

ಸುರಂಗದ ಹತ್ತಿರವೂ ಸುಳಿಯದವರ ರಕ್ತದಲ್ಲೂ ಆ ಗುರುತು ಸಿಕ್ಕಿತು! ಸಿಗರೇಟು ಸೇದುವವರಲ್ಲಿ ಹೆಚ್ಚು, ಅದು ಸರಿ. ತಂಬಾಕಿನ ಹೊಗೆಯಲ್ಲಿ ಅಕ್ರಿಲಮೈಡ್ ಇದೆ. ಸೇದದವರಿಗೆ ಎಲ್ಲಿಂದ ಬಂತು? ಅನುಮಾನ ಊಟದ ಮೇಲೆ ಬಿತ್ತು. ಹುರಿದ ಆಹಾರ ತಿನ್ನಿಸಿದ ಇಲಿಗಳಲ್ಲಿ ಗುರುತು ಏರಿತು. ಕೊನೆಗೆ ಆಹಾರವನ್ನೇ ಯಂತ್ರಕ್ಕೆ ಕೊಟ್ಟು ನೋಡಿದರು. 2002ರ ಏಪ್ರಿಲ್‌ನಲ್ಲಿ ಫಲಿತಾಂಶ ಹೊರಬಂತು: ಒಂದು ಕಿಲೋ ಚಿಪ್ಸ್‌ನಲ್ಲಿ ಸುಮಾರು ಒಂದು ಮಿಲಿಗ್ರಾಂ. ನೀರಲ್ಲಿ ಬೇಯಿಸಿದ ಆಲೂಗಡ್ಡೆಯಲ್ಲಿ ಸಿಗಲಿಲ್ಲ. ಇದನ್ನು ಕಂಪನಿಯವರು ಬೆರೆಸಿದ್ದಲ್ಲ. ಆಲೂಗಡ್ಡೆಯಲ್ಲಿರುವ ಆಸ್ಪರಜಿನ್ ಮತ್ತು ಸಕ್ಕರೆ 120 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಾಗ ಹುಟ್ಟುವಂಥದ್ದು, ನಮ್ಮ ಮನೆಯ ಬಾಣಲೆಯಲ್ಲೂ.

ಹಾಗಾದರೆ ಕ್ಯಾನ್ಸರ್? ಫಾರ್ವರ್ಡ್ ಎಡವುವುದು ಇಲ್ಲೇ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಅಕ್ರಿಲಮೈಡನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿದ್ದು ಮುಖ್ಯವಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ. ಊಟದ ಅಕ್ರಿಲಮೈಡ್‌ಗೂ ಮನುಷ್ಯರ ಕ್ಯಾನ್ಸರ್‌ಗೂ ಖಚಿತ ನಂಟು ಈವರೆಗೆ ಸಿಕ್ಕಿಲ್ಲ. ಮೈಗೆ ಎಷ್ಟು ಸೇರಿತು ಎಂದಷ್ಟೇ ಯಂತ್ರ ಹೇಳುತ್ತದೆ. ಕಾಯಿಲೆ ಬರುತ್ತದೆಯೇ ಎಂದು ತಿಳಿಯಲು ಜನರನ್ನು ವರ್ಷಗಟ್ಟಲೆ ಗಮನಿಸಬೇಕು.

ಹಾಗೆ ಗಮನಿಸಿ ಸಾಬೀತಾದದ್ದೂ ಇದೆ. ಶಾಂಘೈನ 18,244 ಗಂಡಸರ ಮೂತ್ರ ತೆಗೆದಿಟ್ಟು, ಮುಂದೆ ಯಾರಿಗೆ ಯಕೃತ್ತಿನ ಕ್ಯಾನ್ಸರ್ ಬಂತೆಂದು ನೋಡಿದಾಗ, ಅಫ್ಲಟಾಕ್ಸಿನ್ ಗುರುತು ಇದ್ದವರಲ್ಲಿ ಅಪಾಯ ಸ್ಪಷ್ಟವಾಗಿ ಹೆಚ್ಚಿತ್ತು. ಹೆಪಟೈಟಿಸ್ ಬಿ ಸೋಂಕೂ ಇದ್ದರೆ ಇನ್ನೂ ಹಲವು ಪಟ್ಟು. ಅಫ್ಲಟಾಕ್ಸಿನ್ ಬರುವುದು ಬೂಷ್ಟು ಹಿಡಿದ ಕಡಲೆಕಾಯಿ, ಜೋಳದಂಥವುಗಳಿಂದ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಬಣ್ಣಗೆಟ್ಟ, ಕಹಿಯಾದ ಕಡಲೆಬೀಜ ಡಬ್ಬಿಯಲ್ಲಿದ್ದರೆ ಇವತ್ತೇ ಎಸೆಯಿರಿ.