ಮನೆ ಪಾಠಕ್ಕೆ ಹಳಗನ್ನಡ ಯಾಕಿಲ್ಲ?

ಶಾಲೆಗೆ ಕಳಿಸದೆ ಮನೆಯಲ್ಲೇ ಮಕ್ಕಳಿಗೆ ಓದಿಸುವ ಅಪ್ಪ-ಅಮ್ಮಂದಿರು ಅಮೆರಿಕದಲ್ಲಿ ತುಂಬಾ ಜನ ಇದ್ದಾರೆ. ಅವರಲ್ಲಿ ಹಲವರು ತಲೆ ಕೆಡಿಸಿಕೊಳ್ಳುವ ಒಂದು ಪ್ರಶ್ನೆ ಇದೆ: ಮಕ್ಕಳಿಗೆ ಲ್ಯಾಟಿನ್ ಕಲಿಸೋಕೆ ಯಾವ ಪುಸ್ತಕ ತಗೊಳ್ಳೋದು? ಲ್ಯಾಟಿನ್ನನ್ನು ಇವತ್ತು ಯಾರೂ ಮನೆಮಾತಾಗಿ ಆಡಲ್ಲ. ಆದರೂ ಕಾನೂನು, ವೈದ್ಯಕೀಯ, ವಿಜ್ಞಾನದ ಎಷ್ಟೋ ಪದಗಳ ಬೇರು ಅಲ್ಲಿದೆ, ಅದನ್ನು ತಿಳಿದ ಮಗು ತನ್ನ ಭಾಷೆಯನ್ನೂ ಚೆನ್ನಾಗಿ ತಿಳಿಯುತ್ತೆ ಅನ್ನೋದು ಅವರ ಲೆಕ್ಕ.

ಇದೇ ಪ್ರಶ್ನೆ ನಮ್ಮ ಜಿಲ್ಲೆಗೂ ಬಂದಿದೆ. ನಮ್ಮ ಸಂಘದ ಗೆಳತಿಯೊಬ್ಬಳ ಅಕ್ಕ ಗುಬ್ಬಿಯಲ್ಲಿ ಒಂಬತ್ತು ವರ್ಷದ ಮಗನಿಗೆ ಮನೆಯಲ್ಲೇ ಪಾಠ ಹೇಳ್ತಿದ್ದಾರೆ. ಯಾವುದಾದರೂ ಹಳೆಯ ಭಾಷೆಯೊಂದನ್ನು ಕಲಿಸಬೇಕು ಅಂತ ಅವರಿಗೆ ಆಸೆ. ಕೇಳಿದವರೆಲ್ಲ ಹೇಳಿದ್ದು ಒಂದೇ, "ಸಂಸ್ಕೃತ ಕಲಿಸಿ." ಹಳಗನ್ನಡ ಅನ್ನೋ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀವಿ: ಕನ್ನಡ ಮನೆಮಾತಿನ ಮಗು ಕಲಿಯುವ ಮೊದಲ ಹಳೆಯ ಭಾಷೆ ಹಳಗನ್ನಡ ಆಗಬೇಕು. ಅದೂ ವ್ಯಾಕರಣದ ಪಟ್ಟಿಯಿಂದಲ್ಲ, ಓದಿನಿಂದ ಶುರುವಾಗಬೇಕು.

ಸಂಸ್ಕೃತದ ಸಲಹೆ ಬಹಳ ಸಲ ಎಲ್ಲಿಂದ ಬರುತ್ತೆ ಅಂತ ನಮ್ಮ ಕ್ಯಾಂಪಸ್ಸಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಾವು ಎಸ್ಸೆಸ್ಸೆಲ್ಸಿ ಬರೆದಾಗ ಒಟ್ಟು 625 ಅಂಕ, ಅದರಲ್ಲಿ ಪ್ರಥಮ ಭಾಷೆಗೇ 125. "ಸಂಸ್ಕೃತ ತಗೊಂಡ್ರೆ 125ಕ್ಕೆ 125 ಗ್ಯಾರಂಟಿ" ಅನ್ನೋ ಮಾತು ಕಿವಿಗೆ ಬೀಳದೆ ಹೈಸ್ಕೂಲು ಮುಗಿಸಿದವರು ನಮ್ಮಲ್ಲಿ ಕಡಿಮೆ. ಈ ವಾದ ಹಳೆಯದು. ಪ್ರಥಮ ಭಾಷೆಯ ಪ್ರಶ್ನೆಗೆಂದೇ 1980ರಲ್ಲಿ ವಿ.ಕೃ. ಗೋಕಾಕರ ಸಮಿತಿ ರಚನೆಯಾಯಿತು. ವರದಿ ಜಾರಿಯಾಗಲಿ ಅಂತ 1982ರಲ್ಲಿ ನಡೆದ ಚಳವಳಿಗೆ ರಾಜ್‌ಕುಮಾರ್ ಅವರೇ ಮುಂದೆ ನಿಂತರು. ಆದರೆ ಮನೆಯಲ್ಲಿ ಓದುವ ಮಗುವಿಗೆ ಈ ಅಂಕದ ಲೆಕ್ಕ ಯಾಕೆ? ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಬರೆಯೋರಿಗೆ ಕನ್ನಡವೂ ಇದೆ, ಸಂಸ್ಕೃತವೂ ಇದೆ. ಅಂಕದ ಹಂಗಿಲ್ಲದ ಕಡೆಯೂ ಅಂಕದ ಸಲಹೆಯನ್ನೇ ಪಾಲಿಸೋದಾದರೆ ಶಾಲೆ ಬಿಡಿಸಿ ಏನು ಬಂತು?

ನಾವು ಸಂಸ್ಕೃತದ ವಿರೋಧಿಗಳಲ್ಲ. ನಮ್ಮೂರ ಸಿದ್ಧಗಂಗೆಯಲ್ಲೇ ಸಂಸ್ಕೃತ ಪಾಠಶಾಲೆ ಇದೆ. ಪಂಪನನ್ನು ಓದೋಕೂ ಮುಂದೆ ಸಂಸ್ಕೃತ ಬೇಕೇ ಬೇಕು. ನಮ್ಮ ತಕರಾರು ಯಾವುದು ಮೊದಲು ಅನ್ನೋದರ ಬಗ್ಗೆ ಮಾತ್ರ.

ಹಳಗನ್ನಡ ಕಷ್ಟ ಅಂತಾರೆ. ನಿಜವಾಗಿ ಕಷ್ಟವಾ? ಪಾಲ್ ಅಂದರೆ ಹಾಲು, ಪುಲಿ ಅಂದರೆ ಹುಲಿ, ಪತ್ತು ಅಂದರೆ ಹತ್ತು. ಕಣ್ ಅಂದರೆ ಕಣ್ಣು, ಬಾಗಿಲ್ ಅಂದರೆ ಬಾಗಿಲು. ಕೋಡ್ ಬರೆಯೋ ನಮಗೆ ತಕ್ಷಣ ಹೊಳೆಯೋದು, "ಪ ತೆಗೆದು ಹ ಹಾಕಿಬಿಡೋಣ" ಅಂತ. ಹಾಕಿ ನೋಡಿ, ಪುಸ್ತಕ ಹೋಗಿ ಹುಸ್ತಕ ಆಗುತ್ತೆ, ಅಪ್ಪ ಹೋಗಿ ಅಹ್ಹ ಆಗ್ತಾನೆ! ಯಾಕೆ ಹಾಗಾಗಲಿಲ್ಲ ಅಂತ ಮಗು ಕೇಳಿದ ಕೂಡಲೇ ನಿಜವಾದ ಪಾಠ ಶುರು. ಪುಸ್ತಕ ಸಂಸ್ಕೃತದಿಂದ ಬಂದ ಪದ, ಅಂಥವುಗಳಲ್ಲಿ ಹೆಚ್ಚಿನವು ಬದಲಾಗಲಿಲ್ಲ. ಅಪ್ಪ, ಉಪ್ಪು, ತಪ್ಪುಗಳಲ್ಲಿರೋದು ಒತ್ತಕ್ಷರದ ಪಕಾರ, ಅದೂ ಉಳಿದುಕೊಂಡಿತು. ಒಂಬತ್ತು ವರ್ಷದ ಹುಡುಗ ತನ್ನ ಅಡುಗೆಮನೆಯ ಪದಗಳಲ್ಲೇ ಭಾಷೆಯೊಂದು ಬದಲಾಗುವ ನಿಯಮ ಕಂಡುಕೊಳ್ಳಬಹುದು. ಈ ಅನುಕೂಲ ಅವನಿಗೆ ಬೇರೆ ಯಾವ ಹಳೆಯ ಭಾಷೆಯಲ್ಲೂ ಸಿಗಲ್ಲ.

ಇನ್ನು ಕಲಿಸುವ ದಾರಿ. ಲ್ಯಾಟಿನ್ ಕಲಿಸೋರಲ್ಲಿ ಎರಡು ಪಂಥ ಇವೆ. ಒಂದು, ಮೊದಲು ವಿಭಕ್ತಿಗಳ ಪಟ್ಟಿ ಬಾಯಿಪಾಠ, ಓದೋದು ಆಮೇಲೆ. ಇನ್ನೊಂದು, ಡೆನ್ಮಾರ್ಕಿನ ಹಾನ್ಸ್ ಓರ್ಬರ್ಗ್ ಎಂಬ ಮೇಷ್ಟರದು. ಅವರ ಪುಸ್ತಕ ಮೊದಲ ಸಾಲಿನಿಂದಲೇ ಪೂರ್ತಿ ಲ್ಯಾಟಿನ್ನಿನಲ್ಲಿದೆ. ನಕ್ಷೆ ತೋರಿಸಿ ಯಾವ ಊರು ಎಲ್ಲಿದೆ, ಯಾವ ನದಿ ಎಲ್ಲಿದೆ ಅನ್ನುವ ಪುಟ್ಟ ವಾಕ್ಯಗಳಿಂದ ಶುರುವಾಗಿ, ಒಂದು ರೋಮನ್ ಕುಟುಂಬದ ಕಥೆಯಾಗಿ ಬೆಳೆಯುತ್ತೆ. ಹಿಂದಿನ ವಾಕ್ಯ ಮುಂದಿನದರ ಅರ್ಥ ಬಿಡಿಸುತ್ತೆ, ವ್ಯಾಕರಣ ಓದಿನ ಬೆನ್ನಿಗೆ ಬರುತ್ತೆ.

ನಮ್ಮ ಮಕ್ಕಳಿಗೆ ಈ ಎರಡನೇ ದಾರಿಯೇ ಸರಿ. ಅದಕ್ಕೆ ಬೇಕಾದ ಸಾಮಗ್ರಿ ಕಾಲಬುಡದಲ್ಲೇ ಇದೆ. ಕುಣಿಗಲ್ ರಸ್ತೆಯಲ್ಲಿ ಗೂಳೂರಿನ ಹತ್ತಿರ ಕೈದಾಳ ಇದೆಯಲ್ಲ, ಜಕಣಾಚಾರಿಯ ಕಥೆಯಲ್ಲಿ ಬರೋ ಊರು, ಅಲ್ಲಿನ ಚೆನ್ನಕೇಶವ ದೇವಸ್ಥಾನ ಹೊಯ್ಸಳರ ಕಾಲದ್ದು, ಅಲ್ಲಿ 12ನೇ ಶತಮಾನದ ಶಾಸನವಿದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ಪೂರ್ತಿ ನಮ್ಮ ಜಿಲ್ಲೆಯ ಶಾಸನಗಳದ್ದೇ, 1904ರಲ್ಲಿ ಬಂತು, ಈಗ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಮಗುವನ್ನು ಭಾನುವಾರ ಒಂದು ವೀರಗಲ್ಲಿನ ಮುಂದೆ ನಿಲ್ಲಿಸಿ ಒಂದೇ ಸಾಲು ಓದಿಸಿದರೂ ಸಾಕು. ತುಱು ಅಂದರೆ ದನ ಅಂತ ಗೊತ್ತಾದ ಮೇಲೆ, ದನಗಳನ್ನು ಉಳಿಸಲು ಕಾದಾಡಿ ಸತ್ತವನ ಕಲ್ಲು ಅದು ಅಂತ ಅವನಿಗೇ ತಿಳಿಯುತ್ತೆ.

ನಮ್ಮ ಪ್ರಕಾರ ಕ್ರಮ ಹೀಗಿರಬಹುದು. ಮೊದಲ ವರ್ಷ ಪದಗಳ ಜೋಡಿ ಮತ್ತು ಶಾಸನದ ಬಿಡಿ ಸಾಲುಗಳು. ಜೊತೆಗೆ ನಡುಗನ್ನಡದ ಪದ್ಯಗಳು, ಅದಕ್ಕೆ 16ನೇ ಶತಮಾನದ ಗುಬ್ಬಿಯ ಮಲ್ಲಣಾರ್ಯನೇ ಇದ್ದಾನೆ. ಎರಡನೇ ವರ್ಷ ಗದ್ಯ, ಅಂದರೆ ವಡ್ಡಾರಾಧನೆ. ಅದರ 19 ಕಥೆಗಳಲ್ಲಿ ಕೆಲವು ಭಯಂಕರವಾಗಿವೆ, ಮಕ್ಕಳಿಗೆ ಆರಿಸಿ ಕೊಡಬೇಕು. ಪಂಪ, ರನ್ನ ಆಮೇಲೆ. ವ್ಯಾಕರಣ ಬೇಕೆನಿಸಿದಾಗ ನಮ್ಮ ಜಿಲ್ಲೆಯವರೇ ಆದ ತೀ.ನಂ.ಶ್ರೀ. ಅವರ 'ಕನ್ನಡ ಮಧ್ಯಮ ವ್ಯಾಕರಣ' ಇದೆ, ಪದ ತಿಳಿಯದಾಗ 1894ರ ಕಿಟ್ಟೆಲ್ ನಿಘಂಟು ಇದೆ.

ನಮ್ಮ ವಾದದ ದೊಡ್ಡ ತೊಡಕನ್ನೂ ಹೇಳಬೇಕು. ಸಂಸ್ಕೃತಕ್ಕೆ ಹಂತ ಹಂತವಾಗಿ ಕಲಿಸುವ ಪುಸ್ತಕ, ಅಂಚೆ ಪಾಠ, ಸಂಭಾಷಣಾ ಶಿಬಿರ ಎಲ್ಲಾ ಇವೆ. ಓರ್ಬರ್ಗ್ ಪುಸ್ತಕದ ತರಹ ಮಕ್ಕಳ ಕೈಗೆ ಕೊಡಬಹುದಾದ ಹಳಗನ್ನಡ ಪುಸ್ತಕ ಎಷ್ಟು ಹುಡುಕಿದರೂ ನಮಗೆ ಸಿಗಲಿಲ್ಲ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಬಂತು ಅಂತ ಹೆಮ್ಮೆ ಪಡ್ತೀವಿ. ಗುಬ್ಬಿಯ ತಾಯಿಯೊಬ್ಬರು ಆ ಶಾಸ್ತ್ರೀಯ ಕನ್ನಡ ಕಲಿಸೋಕೆ ಪುಸ್ತಕ ಕೇಳಿದರೆ ಕೊಡೋಕೆ ಇಲ್ಲ ಅಂದರೆ ಆ ಹೆಮ್ಮೆಗೆ ಅರ್ಥ ಏನು?

ಆದ್ದರಿಂದ ನಮ್ಮ ಪ್ರಸ್ತಾವ: ಈ ಪುಸ್ತಕವನ್ನು ನಾವೇ ಶುರು ಮಾಡೋಣ. ಸೆಮಿಸ್ಟರಿಗೆ ಒಂದು ಕ್ರೆಡಿಟ್ಟಿನ 'ಸಾಂಸ್ಕೃತಿಕ ಕನ್ನಡ' ಪಾಸು ಮಾಡಿ ಕೈ ತೊಳೆದುಕೊಳ್ಳೋದು ಸಾಕು. ಹತ್ತು ಪಾಠ, ಪಾಠಕ್ಕೆ ಹತ್ತು ಸಾಲು. ಮೊದಲ ಪಾಠಕ್ಕೆ ಜಿಲ್ಲೆಯ ನಕ್ಷೆ ಇಟ್ಟು ಹೀಗೆ ಬರೆಯಬಹುದು: ಕುಣಿಗಲೊಳ್ ಕೆಱೆಯುಂಟು. ಕೆಱೆಯೊಳ್ ನೀರುಂಟು. ತೋಂಟದೊಳ್ ತೆಂಗುಂಟು. ಅರ್ಥ ಕೇಳದೆಯೇ ನಿಮಗೆ ಗೊತ್ತಾಯ್ತು ತಾನೆ? ಚಿತ್ರ ಬಿಡಿಸೋರು, ಧ್ವನಿ ಕೊಡೋರು, ಆ್ಯಪ್ ಕಟ್ಟೋರು ನಮ್ಮಲ್ಲಿ ಇದ್ದಾರೆ. ತಪ್ಪು ತಿದ್ದೋಕೆ ಕನ್ನಡ ಮೇಷ್ಟರು, ಮೇಡಂಗಳನ್ನು ಕೇಳೋಣ. ಮೊದಲ ಪಾಠದ ಕರಡು ಸಂಘದ ಮುಂದಿನ ಸಭೆಗೆ ತರ್ತೀವಿ. ಎರಡನೆಯದನ್ನು ನೀವು ತನ್ನಿ.